ಮಾವ ನಡೆದು ಬರುವಷ್ಟು ಹೊತ್ತು

ಬಲಗಾಲಿನ ಶೂ ಹತ್ತಲೇ ಇಲ್ಲ.

ಸೊಸೆ ಮಂಚದ ಬುಡದಲ್ಲಿ ಮಂಡಿಯೂರಿ ಕುಳಿತು, ಹಿಮ್ಮಡಿಯ ಹಿಂದೆ ಚಮಚದ ಹಿಡಿ ತೂರಿಸಿ, ತುಟಿ ಕಚ್ಚಿ ತಳ್ಳುತ್ತಿದ್ದಳು. ಎಡಗಾಲಿನದು ಹೇಗೋ ಏರಿತ್ತು. ಬಲಗಾಲು ಮಾತ್ರ ಯಜಮಾನನ ಹಟವನ್ನೆಲ್ಲ ತನ್ನೊಳಗೇ ಉಳಿಸಿಕೊಂಡಂತೆ ಅರ್ಧ ಒಳಗೆ ಹೋಗಿ ಅಲ್ಲೇ ಕೂತುಬಿಟ್ಟಿತ್ತು. ಪಾದ ಊದಿತ್ತು. ನಿನ್ನೆ ಮೊನ್ನೆಯ ಊತವಲ್ಲ. ಕಾಲುಚೀಲದ ಪಟ್ಟಿ ಮಾಂಸದೊಳಗೆ ಬಳೆಯ ಹಾಗೆ ಗುರುತು ಕೊರೆದಿತ್ತು. ದಿನಾ ಬೆಳಗ್ಗೆ ಈ ಎರಡು ಪಾದಗಳು ತನ್ನ ಕಡೆ ನಡೆದು ಬರುವುದನ್ನೇ ನೋಡುತ್ತ ನಿಂತಿರುತ್ತಿದ್ದವಳಿಗೆ ಇದೊಂದು ಯಾಕೆ ಕಾಣಲಿಲ್ಲ?

"ಸಾಕು ಬಿಡು," ಎಂದಳು ಬಾಗಿಲಲ್ಲಿ ನಿಂತಿದ್ದ ದೊಡ್ಡಕ್ಕ. "ಆ ಕಪ್ಪು ಬೂಟು ಪಾಲಿಶ್ ಮಾಡಿಸಿ ತಂದಿದೀನಿ. ಜೀವಮಾನ ಪೂರ್ತಿ ಕೆಲಸಕ್ಕೆ ಹಾಕ್ಕೊಂಡು ಹೋದದ್ದು ಅದನ್ನೇ. ಅದನ್ನೇ ಹಾಕು."

"ಅಕ್ಕಾ, ಅವರಿಗೆ ಈ ಮೈದಾನದ ಶೂನೇ ಇಷ್ಟ ಇತ್ತು..."

"ಇನ್ನೂ ಎಷ್ಟು ದೂರ ನಡೆಸ್ಬೇಕು ಅಂತಿದೀಯಮ್ಮಾ ಅವರನ್ನ?"

ಸೊಸೆ ಚಮಚದ ಹಿಡಿಯನ್ನು ಮತ್ತೆ ಹಿಮ್ಮಡಿಯ ಹಿಂದೆ ತೂರಿಸಿದಳು.

ದೊಡ್ಡಕ್ಕ ಎಂದರೆ ಗಂಡನ ಅಕ್ಕ. ದೊಡ್ಡ ಬಟ್ಟೆ ಅಂಗಡಿಯೊಂದರಲ್ಲಿ ಮೇಲ್ವಿಚಾರಕಿ. ಬಟ್ಟೆಗಷ್ಟೇ ಅಲ್ಲ, ಮಾತಿಗೂ ಇಸ್ತ್ರಿ ಹಾಕಿ, ಮಡಿಕೆಯ ಅಂಚು ಕೈಗೆ ತಾಗುವ ಹಾಗೆ ಮಾಡಿಯೇ ಹೊರಗೆ ಬಿಡುವವಳು. ನಿನ್ನೆ ಮಧ್ಯಾಹ್ನ ಬಂದಾಗಿನಿಂದ ಅವಳ ಕಣ್ಣಲ್ಲಿ ಒಂದು ಹನಿ ಬಂದಿರಲಿಲ್ಲ. ಬಂದವಳೇ ಕಿಟಕಿಯ ಪರದೆ ಒಗೆಯಲು ಹಾಕಿದಳು, ಶವಪೆಟ್ಟಿಗೆಯವನ ಹತ್ತಿರ ಮರದ ಗುಣಮಟ್ಟದ ಬಗ್ಗೆ ಜಗಳವಾಡಿದಳು, ಆಮೇಲೆ ಫೋನಿನಲ್ಲಿ ಯಾರಿಗೋ ಹೇಳಿದಳು: "ಹೂಂ, ಅಲ್ಲೇ ಇದ್ರಂತೆ ಎಲ್ಲರೂ. ಬಸ್ಸಿಗೆ ಕಾಯೋರ ಹಾಗೆ ನಿಂತಿದ್ರಂತೆ." ಸೊಸೆಗೆ ಗೋಡೆಯಾಚೆಯಿಂದ ಅದು ಕೇಳಿಸಿತ್ತು. ಕೇಳಿಸಲಿ ಎಂದೇ ಹೇಳಿದ ಮಾತು ಗೋಡೆಗೆ ಹೆದರುವುದಿಲ್ಲ.

ಮಾತು ಸುಳ್ಳಾಗಿದ್ದರೆ ಅವಳು ತಿರುಗಿ ಜಗಳವಾಡುತ್ತಿದ್ದಳು. ಸುಳ್ಳಲ್ಲವಲ್ಲ. ನಿನ್ನೆ ಬೆಳಗ್ಗೆ ಮಾವ ಮೈದಾನದ ಬೆಂಚಿನ ಮೇಲೆ ಕೂತಲ್ಲೇ ತೀರಿಕೊಂಡಾಗ ಸೊಸೆ ಕೂಗಿದರೆ ಕೇಳುವಷ್ಟು ದೂರದಲ್ಲಿ, ಅವರಿಗಾಗಿ ಕಾಯುತ್ತ ನಿಂತಿದ್ದಳು. ಸಾವು ಒಂದು ತೂಕವಾದರೆ ಆ ನಿಂತದ್ದು ಇನ್ನೊಂದು ತೂಕ. ಎರಡನೆಯದೇ ಎದೆಯ ಮೇಲೆ ಕೂತಿತ್ತು.

ಗಂಡ ಇಷ್ಟು ಹೊತ್ತೂ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದವನು ಅಡುಗೆಮನೆಗೆ ಹೋಗಿ ಕತ್ತರಿ ತಂದ. ಹೆಂಡತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಶೂವಿನ ಹಿಂಬದಿಯ ಹೊಲಿಗೆಯನ್ನು ಕತ್ತರಿಸಿದ. ಪಾದ ಮೆಲ್ಲಗೆ ಒಳಗಿಳಿಯಿತು.

"ಇದೇ ಇರ್ಲಿ ಅಕ್ಕ," ಎಂದ.

ದೊಡ್ಡಕ್ಕ ಕಪ್ಪು ಬೂಟುಗಳನ್ನು ಎದೆಗವಚಿಕೊಂಡು ಹೊರಟುಹೋದಳು.

*

ಮಾವ ಲಿಫ್ಟ್ ನಡೆಸುತ್ತಿದ್ದವರು. ದೊಡ್ಡ ಕಚೇರಿಯ ಕಟ್ಟಡ. ಲಿಫ್ಟಿನ ಮೂಲೆಯಲ್ಲಿ ಒಂದು ಮರದ ಸ್ಟೂಲು, ಗುಂಡಿಗಳ ಹಲಗೆ, ಜಾಲರಿ ಬಾಗಿಲು. ಬದುಕಿನ ಬಹುಪಾಲನ್ನು ಅವರು ಆ ಸ್ಟೂಲಿನ ಮೇಲೆ ಕೂತು ಸವೆಸಿದ್ದರು. "ಲೋಕದಲ್ಲಿ ಎಲ್ಲರೂ ಮುಂದೆ ಮುಂದೆ ಹೋದ್ರು. ನಾನೊಬ್ಬ ಮೇಲೆ ಹೋಗಿ ಕೆಳಗೆ ಬಂದೆ," ಎಂದು ತಮ್ಮನ್ನೇ ಗೇಲಿ ಮಾಡಿಕೊಳ್ಳುತ್ತಿದ್ದರು. ಆಮೇಲೆ ತನ್ನಷ್ಟಕ್ಕೆ ತಾನೇ ಬಾಗಿಲು ಹಾಕಿಕೊಳ್ಳುವ ಹೊಸ ಲಿಫ್ಟ್ ಬಂತು, ಮಾವನಿಗೆ ಹೂಗುಚ್ಛ ಬಂತು. ಹೂಗುಚ್ಛ ಹಿಡಿದು ಮನೆಗೆ ಬಂದವರು ಕುರ್ಚಿಯಲ್ಲಿ ಕೂತರು. ಏಳಲಿಲ್ಲ.

ಅದೇ ವರ್ಷ ಮೊಮ್ಮಗಳು ಹುಟ್ಟಿದಳು. ಸೊಸೆ ಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ದಿನವಿಡೀ ಬೇರೆಯವರ ನಗುವನ್ನು ಉಜ್ಜಿ ಹೊಳಪು ಮಾಡುತ್ತಿದ್ದ ಆ ಹುಡುಗಿಗೆ ಹೆರಿಗೆಯ ಮೇಲೆ ತನ್ನ ನಗು ಎಲ್ಲಿಟ್ಟೆನೆಂದೇ ತಿಳಿಯದೆ ಹೋಯಿತು. ಮಗು ಅತ್ತರೆ ತಾನೂ ಅಳುವಳು, ಮಗು ಮಲಗಿದರೂ ಅಳುವಳು. ಆಸ್ಪತ್ರೆಯ ನರ್ಸಮ್ಮ ಒಂದು ದಿನ ಚುಚ್ಚುಮದ್ದಿನ ಹೊತ್ತಲ್ಲಿ ಅವಳ ಗಲ್ಲ ಹಿಡಿದೆತ್ತಿ ನೋಡಿ, "ನಾಳೆ ಬೆಳಗ್ಗೆ ಶಾಲೆ ಮೈದಾನಕ್ಕೆ ಬಾ. ನಾವೊಂದಿಷ್ಟು ಜನ ಮ್ಯಾರಥಾನಿಗೆ ಅಂತ ಓಡ್ತೀವಿ," ಎಂದಳು.

ಓಡುವುದೇ? ಅಜ್ಜಿಯ ಮಡಿಲಲ್ಲಿ ಬೆಳೆದವಳು ಅವಳು. ಅಜ್ಜಿಯ ಕತೆಗಳಲ್ಲಿ ಓಡುವವರು ಇಬ್ಬರೇ: ಬೆನ್ನಟ್ಟುವ ರಾಕ್ಷಸ, ತಪ್ಪಿಸಿಕೊಳ್ಳುವ ರಾಜಕುಮಾರಿ. ಯಾರೂ ಬೆನ್ನಟ್ಟದೆ, ಎಲ್ಲಿಗೂ ಹೋಗದೆ, ಸುತ್ತಿದಲ್ಲೇ ಸುತ್ತುವುದನ್ನು ಯಾವ ಕತೆಯೂ ಹೇಳಿರಲಿಲ್ಲ. ಆದರೂ ಮನೆಯಲ್ಲಿ ಬಾಯಿಬಿಟ್ಟಳು. ಗಂಡನಿಗೆ ರಾತ್ರಿ ಪಾಳಿ, ಮಗುವನ್ನು ಯಾರು ನೋಡಿಕೊಳ್ಳುವುದು ಎಂಬ ಮಾತು ಬಂತು.

ಕುರ್ಚಿಯಿಂದ ಮಾವ ಹೇಳಿದರು: "ಗಾಡೀಲಿ ಹಾಕ್ಕೊಡು, ನಾನು ತಳ್ಕೊಂಡು ಬರ್ತೀನಿ. ಗುಂಡಿ ಒತ್ತೋದಕ್ಕಿಂತ ಕಷ್ಟ ಇರಲ್ಲ."

ಹೀಗೆ ಆ ಕುರ್ಚಿ ಖಾಲಿಯಾಯಿತು.

ಮೈದಾನದಲ್ಲಿ ಓಟ ಕಲಿಸುವವರು ಶಿಳ್ಳೆ ಮೇಷ್ಟ್ರು. ಶಾಲೆಯ ನಿವೃತ್ತ ಡ್ರಿಲ್ ಮಾಸ್ತರು; ಶಿಳ್ಳೆ ಕೊರಳಲ್ಲಿ ತೂಗುತ್ತಿತ್ತೇ ಹೊರತು ಊದಿದ್ದನ್ನು ಯಾರೂ ಕೇಳಿರಲಿಲ್ಲ. ಮೊದಲ ದಿನವೇ ಅವರು ಸೊಸೆಗೆ ಹೇಳಿದರು: "ಒಂದು ಸುತ್ತು ಜೋರು. ಆಮೇಲೆ ಈ ಬಿಳಿ ಗೆರೆ ಹತ್ರ ನಿಲ್ಲು, ಉಸಿರು ತಗೋ. ಮತ್ತೆ ಒಂದು ಸುತ್ತು ಜೋರು, ಮತ್ತೆ ಉಸಿರು. ಮ್ಯಾರಥಾನ್ ಅಂದ್ರೆ ಬರೀ ಉದ್ದಕ್ಕೆ ಓಡೋದು ಅಂದ್ಕೊಂಡಿದಾರೆ ಜನ. ಉಸಿರು ಕಳ್ಕೊಂಡು ಮತ್ತೆ ಪಡ್ಕೊಳ್ಳೋದನ್ನ ಕಾಲಿಗೆ, ಎದೆಗೆ ಅಭ್ಯಾಸ ಮಾಡಿಸ್ಬೇಕಮ್ಮ. ಇಲ್ಲಾಂದ್ರೆ ಅರ್ಧ ದಾರೀಲಿ ಕೈ ಕೊಡ್ತವೆ."

"ನಿಲ್ಲೋದು ಎಷ್ಟು ಹೊತ್ತು ಮೇಷ್ಟ್ರೆ?"

ಮೇಷ್ಟ್ರು ಕೈಗಡಿಯಾರ ನೋಡಿದರು. ಅದು ಎಂದೋ ನಿಂತಿತ್ತು. ಅಲ್ಲಾಡಿಸಿದರು, ಕಿವಿಗಿಟ್ಟುಕೊಂಡರು, ಆಮೇಲೆ ತಲೆಯೆತ್ತಿದರು. ನೇರ ಹಾದಿಯ ಆ ತುದಿಯಲ್ಲಿ, ಬೆಂಚಿನಿಂದೆದ್ದು ಮಗುವಿನ ಗಾಡಿ ತಳ್ಳಿಕೊಂಡು ಒಬ್ಬ ಮುದುಕ ಇತ್ತ ಬರುತ್ತಿದ್ದ.

"ಆ ಗಾಡಿ ಇಲ್ಲಿಗೆ ಬರೋವರೆಗೆ," ಎಂದರು.

ತಮಾಷೆಗೆ ಹೇಳಿದ್ದು ಕಟ್ಟಳೆಯಾಯಿತು. ಎಲ್ಲರೂ ಸುತ್ತು ಮುಗಿಸಿ ಗೆರೆ ಮುಟ್ಟಿದೊಡನೆ ಮಾವ ಬೆಂಚಿನಿಂದ ಕೈಯೆತ್ತಿ ಏಳುವರು. ಅವರು ನಡೆದು ಬರುವಷ್ಟು ಹೊತ್ತು ವಿಶ್ರಾಂತಿ. ಗೆರೆ ತಲುಪಿದೊಡನೆ ಹಳೆಯ ದನಿಯಲ್ಲಿ ಕೂಗುವರು: "ಬಾಗಿಲು ಮುಚ್ತಾ ಇದೀನಿ, ಬರೋರು ಬನ್ನಿ!" ಗುಂಪು ಚಿಮ್ಮುವುದು, ಅವರು ಬೆಂಚಿಗೆ ಮರಳುವರು. ಮಗು ಬೆಳೆದು ಶಾಲೆಗೆ ಹೋಯಿತು, ಗಾಡಿ ಅಟ್ಟ ಸೇರಿತು, ಮೇಷ್ಟ್ರು ಹೊಸ ಗಡಿಯಾರ ಕೊಂಡರು. ಓಟದ ಹೊತ್ತನ್ನು ಗಡಿಯಾರ ಅಳೆಯಿತು. ಉಸಿರಿನ ಹೊತ್ತನ್ನು ಮಾವನೇ ಅಳೆದರು. ಕತೆಯ ರಾಕ್ಷಸನ ಜೀವ ಏಳು ಕಡಲಾಚೆಯ ಗಿಳಿಯಲ್ಲಿತ್ತಂತೆ. ಇವರೆಲ್ಲರ ಉಸಿರು ಒಬ್ಬ ಮುದುಕನ ಎರಡು ಕಾಲಲ್ಲಿತ್ತು.

*

ಓಟದ ಗುಂಪಿನವರು ಬಂದಾಗ ಪೆಟ್ಟಿಗೆಯ ವ್ಯಾನು ಇನ್ನೂ ಬಂದಿರಲಿಲ್ಲ. ಹಿತ್ತಿಲಿನ ಕಡೆ ಹಾಕಿದ್ದ ಕುರ್ಚಿಗಳಲ್ಲಿ ಮೂವರೂ ಸಾಲಾಗಿ ಕೂತರು. ಮೇಷ್ಟ್ರು, ನರ್ಸಮ್ಮ, ಬೇಕರಿಯವನು. ಬೇಕರಿಯವನು ಎರಡು ದೊಡ್ಡ ಚೀಲ ಬ್ರೆಡ್ಡು ತಂದಿದ್ದ. ದುಃಖವಾದಾಗ ಜನ ಹೂವು ತರುತ್ತಾರೆ, ಅವನಿಗೆ ಹಿಟ್ಟು ಬಿಟ್ಟರೆ ಬೇರೆ ಭಾಷೆ ಗೊತ್ತಿರಲಿಲ್ಲ.

"ನಿನ್ನ ಪೂರ್ತಿ ಬಟ್ಟೇಲಿ ನೋಡಿದ್ದು ಇದೇ ಮೊದಲು," ನರ್ಸಮ್ಮ ಅವನ ಕಿವಿಯಲ್ಲಿ ಪಿಸುಗುಟ್ಟಿದಳು.

"ನಿಂದೇನು ಕಮ್ಮಿ? ತಲೆ ಬಾಚಿದೀಯ. ಗುರುತೇ ಹತ್ತಲಿಲ್ಲ."

ಸೊಸೆ ಚಹಾ ತಂದುಕೊಟ್ಟು ಅವರ ಪಕ್ಕ ಕೂತಳು. ಇವರ ಹತ್ತಿರ ಕೂತರೆ ಎದೆಯ ಭಾರ ಒಂದಿಷ್ಟು ಇಳಿದೀತು ಎಂದುಕೊಂಡಿದ್ದಳು. ಬೇಕರಿಯವನಿಗೆ ಮೌನ ಕಂಡರೆ ಆಗದು.

"ಈ ಸಲ ಮ್ಯಾರಥಾನಲ್ಲಿ ನಿನ್ನನ್ನೂ ಹಿಂದೆ ಹಾಕ್ತೀನಿ ಅಂತ ನಿಮ್ಮ ಮಾವನ ಹತ್ರ ಪಂದ್ಯ ಕಟ್ಟಿದ್ದೆ ಕಣಮ್ಮ," ಎಂದ. "ಬೇಸಿಗೆಯಿಂದೀಚೆಗೆ ನನ್ನ ಸುತ್ತು ಎಷ್ಟು ಚುರುಕಾಗಿತ್ತು! ಈ ಹೊಟ್ಟೆ ಇಟ್ಕೊಂಡು! ಹೌದೋ ಅಲ್ವೋ ಹೇಳಿ ಮೇಷ್ಟ್ರೆ."

"ಎಲ್ಲರದ್ದೂ ಚುರುಕಾಗಿತ್ತು," ಎಂದರು ಮೇಷ್ಟ್ರು.

"ಅದನ್ನೇ ಅಂತಿರೋದು!"

"ಎಲ್ಲರದ್ದೂ ಒಟ್ಟೊಟ್ಟಿಗೆ ಯಾಕೆ ಚುರುಕಾಯ್ತು ಅಂತ ಯಾರಾದ್ರೂ ಕೇಳಿದ್ರೇನಪ್ಪ?"

ನರ್ಸಮ್ಮ ಕಪ್ಪನ್ನು ನೆಲದ ಮೇಲಿಟ್ಟಳು. ಅವಳಿಗೇ ಮೊದಲು ಹೊಳೆದದ್ದು.

"ಅಯ್ಯೋ," ಎಂದಳು. "ಅವರು ಬರೋದು ತಡ ಆಗ್ತಾ ಬಂತಲ್ಲ."

"ಹೂಂ."

"ನಾವು ಜಾಸ್ತಿ ಸುಧಾರಿಸ್ಕೊಂಡು ಓಡ್ತಾ ಇದ್ವಿ."

"ಹಾಗಾದ್ರೆ..." ಬೇಕರಿಯವನು ತನ್ನ ಕಾಲುಗಳನ್ನೇ ನೋಡಿಕೊಂಡ. ಅವು ತನಗೆ ಸುಳ್ಳು ಹೇಳಿದ್ದವು ಎಂಬಂತೆ. "ಹಾಗಾದ್ರೆ ನನ್ನ ಕಾಲು ಚುರುಕಾಗಿದ್ದಲ್ವಾ?"

"ಅವರ ಕಾಲು ನಿಧಾನ ಆಗಿದ್ದು," ಎಂದರು ಮೇಷ್ಟ್ರು. "ನಾನು ಒಂದಿನ ಗಡಿಯಾರ ಹಿಡೀತೀನಿ ಬಿಡಿ ಯಜಮಾನ್ರೆ ಅಂದೆ. ಒಂದು ವಾರ ನನ್ನ ಹತ್ರ ಮಾತು ಬಿಟ್ರು. ವಯಸ್ಸಾಯ್ತು, ನಡಿಗೆ ನಿಧಾನ ಆಗುತ್ತೆ, ಅಷ್ಟೇ ಅಂದ್ಕೊಂಡೆ. ಅಷ್ಟೇ ಅಂದ್ಕೊಂಡೆ ನಾನು."

"ಊರವರ ನಾಡಿ ಹಿಡಿಯೋಳು ನಾನು," ಎಂದಳು ನರ್ಸಮ್ಮ. "ನನಗೇ ಕಾಣ್ಲಿಲ್ವಲ್ಲ. ಅವರು ತಡ ಮಾಡಿದಷ್ಟೂ ಒಳಗೊಳಗೇ ಖುಷಿ ಆಗ್ತಿತ್ತು ಕಣೆ. ಇನ್ನೊಂದ್ ಚೂರು ನಿಧಾನಕ್ಕೆ ಬರ್ಲಪ್ಪ ಅಂತ."

"ನನಗೂ," ಎಂದಳು ಸೊಸೆ.

ಎರಡು ಸಲ ಅವಳು ಮ್ಯಾರಥಾನಿಗೆ ಹೋಗಿ ಎರಡು ಸಲವೂ ಗುರಿ ಮುಟ್ಟದೆ ದಾರಿಯಲ್ಲೇ ಕುಸಿದು ಕೂತಿದ್ದಳು. ಈ ಸಲ ಮಾತ್ರ ಮೈ ಹಗುರಾಗಿತ್ತು, ಸುತ್ತುಗಳು ಗಾಳಿಯ ಹಾಗೆ ಸಾಗಿದ್ದವು. ಮೂರು ವಾರ ಕಳೆದು ಮ್ಯಾರಥಾನ್ ಬಂದರೆ ಗುರಿ ಮುಟ್ಟುವುದು ಖಂಡಿತ ಎಂದು ಮನೆಯಲ್ಲಿ ಹಾಡಿಕೊಂಡು ತಿರುಗಿದ್ದಳು. ಮಾವನಂತೂ ಮೂಗಿನ ಮೇಲೆ ಬೆರಳಿಟ್ಟು, "ಅಬ್ಬಬ್ಬಾ, ನಮ್ಮನೆ ಕುದುರೆ!" ಎನ್ನುತ್ತಿದ್ದರು. ಈಗ ಅರ್ಥವಾಯಿತು. ಆ ಹಗುರವೆಲ್ಲ ತನ್ನದಲ್ಲ. ಒಬ್ಬರ ಕಾಲು ಸೋತು ಸೋತು ತನಗೆ ಕೊಟ್ಟದ್ದು.

"ಮೂರು ವಾರಕ್ಕೆ ಬರ್ತೀಯಲ್ಲ?" ಬೇಕರಿಯವನು ಮೆಲ್ಲಗೆ ಕೇಳಿದ.

"ಇಲ್ಲ. ನಾನಿನ್ನು ಓಡಲ್ಲ."

ಯಾರೂ ಬಲವಂತ ಮಾಡಲಿಲ್ಲ. ಅಡುಗೆಮನೆಯ ಕಿಟಕಿಯಲ್ಲಿ ಪರದೆಯಿರಲಿಲ್ಲ, ಅದು ಒಗೆಯಲು ಹೋಗಿತ್ತು. ಅಲ್ಲಿ ಬಟ್ಟಲು ಒರೆಸುತ್ತಿದ್ದ ದೊಡ್ಡಕ್ಕನ ಕೈ ನಿಂತಿದ್ದನ್ನು ಸೊಸೆ ನೋಡಲಿಲ್ಲ.

*

ಕೊನೆಯ ದಿನಗಳಲ್ಲಿ ಒಮ್ಮೆ ಸೊಸೆ ಕಾದು ಕಾದು, ತಾನೇ ಮಾವನ ಕಡೆ ನಡೆದು ಹೋಗಿದ್ದಳು. ಅರ್ಧ ದಾರಿಯಲ್ಲಿ ಎದುರಾದಾಗ ಮಾವನಿಗೆ ಸಿಟ್ಟು ಬಂದಿತ್ತು. ನಿಜವಾದ ಸಿಟ್ಟು.

"ಇಲ್ಲಿಗ್ಯಾಕೆ ಬಂದೆ?"

"ಸುಮ್ನೆ ಮಾವ, ಜೊತೆಗೆ..."

"ಲಿಫ್ಟ್ ಬರೋವರೆಗೆ ಕಾಯ್ಬೇಕಮ್ಮಾ. ಲಿಫ್ಟ್ ತಡ ಆಯ್ತು ಅಂತ ಯಾರಾದ್ರೂ ಅದರ ಹೊಂಡಕ್ಕೆ ಇಳೀತಾರಾ? ಹೋಗು. ಹೋಗಿ ಅಲ್ಲಿ ನಿಂತ್ಕೋ. ನಾನು ಬರ್ತೀನಿ."

ನಗು ಬಂದಿತ್ತು ಅವಳಿಗೆ. ತಿರುಗಿ ಓಡಿಹೋಗಿ ಗೆರೆಯ ಹತ್ತಿರ ನಿಂತಿದ್ದಳು. ಆಮೇಲೆ ಯಾರೂ ಆ ಕಡೆ ಹೋಗುವ ಗೋಜಿಗೆ ಹೋಗಲಿಲ್ಲ.

ನಿನ್ನೆಯೂ ಹಾಗೆಯೇ. ಮಂಜು ಆಗಷ್ಟೇ ಸರಿದಿತ್ತು, ಹುಲ್ಲು ಒದ್ದೆಯಾಗಿತ್ತು. ನಾಲ್ಕನೆಯದೋ ಐದನೆಯದೋ ಸುತ್ತು ಮುಗಿಸಿ ಎಲ್ಲರೂ ಗೆರೆ ಮುಟ್ಟಿದರು, ಸೊಂಟದ ಮೇಲೆ ಕೈಯಿಟ್ಟು ಬೆಂಚಿನತ್ತ ತಿರುಗಿದರು. ಮಾವ ಎಂದಿನಂತೆ ಕೈಯೆತ್ತಿದರು. ಕೈ ಇಳಿಯಿತು. ಅವರು ಏಳಲಿಲ್ಲ.

ಕಾದರು. ಬೇಕರಿಯವನು ಏನೋ ತಮಾಷೆ ಮಾಡಿದ. ಎದ್ದಾರು, ಲೇಸು ಕಟ್ಟಿಕೊಳ್ಳುತ್ತಿರಬೇಕು, ಬಂದಾರು. ತಡವಾಗುವುದು ರೂಢಿಯಾಗಿತ್ತಲ್ಲ. ಉಸಿರು ತಣಿಯಿತು, ಬೆವರು ಆರಿತು, ಮೈ ಚಳಿಗೆ ನಡುಗತೊಡಗಿತು. ಆಗ ನರ್ಸಮ್ಮ ಒಮ್ಮೆಲೇ ಓಡಿದಳು. ಅವಳು ಓಡಿದ ರೀತಿ ನೋಡಿದ ಮೇಲೆ ಉಳಿದವರಿಗೆ ಏನನ್ನೂ ಹೇಳುವ ಅಗತ್ಯ ಬೀಳಲಿಲ್ಲ.

"ಆ ಕೈ ಇಳಿದಾಗಲೇ ಹೋಗಿದ್ರು," ಎಂದು ನರ್ಸಮ್ಮ ಆಮೇಲೆ ಹತ್ತು ಸಲ ಹೇಳಿದಳು. "ದೀಪ ಆರಿದ ಹಾಗೆ. ರೆಕ್ಕೆ ಕಟ್ಕೊಂಡು ಹಾರಿದ್ರೂ ಸಿಗ್ತಿರ್ಲಿಲ್ಲ ಕಣೆ."

ಇರಬಹುದು. ಆದರೆ ಹಾರಲಿಲ್ಲವಲ್ಲ. ನಿಂತಿದ್ದರಲ್ಲ.

*

ಮಣ್ಣು ಮಾಡುವ ಕೆಲಸ ಬೇಗ ಮುಗಿಯಿತು. ಪೆಟ್ಟಿಗೆ ಹೊತ್ತವರಲ್ಲಿ ಮೇಷ್ಟ್ರೂ ಬೇಕರಿಯವನೂ ಇದ್ದರು. ಅವರ ಹೆಜ್ಜೆ ಎಷ್ಟು ಹೇಳಿದರೂ ಬಿರುಸಾಗುತ್ತಿತ್ತು. ಹಿಂದಿನಿಂದ ಗಂಡ, "ನಿಧಾನ, ಅಪ್ಪಂಗೆ ಆತುರ ಇಲ್ಲ," ಎಂದಾಗ ಅತ್ತುಕೊಂಡಿದ್ದವರೂ ಒಂದು ಕ್ಷಣ ನಕ್ಕರು. ಮಾವನ ಕಟ್ಟಡದ ಕಚೇರಿಯಿಂದ ಯಾರಾದರೂ ಬರಬಹುದೆಂದು ದೊಡ್ಡಕ್ಕ ಆಗಾಗ ಗೇಟಿನ ಕಡೆ ನೋಡುತ್ತಿದ್ದಳು. ಯಾರೂ ಬರಲಿಲ್ಲ. ಒಬ್ಬೊಬ್ಬರಾಗಿ ಹಿಡಿ ಮಣ್ಣು ಹಾಕಿದರು. ಸೊಸೆಯ ಸರದಿ ಬಂದಾಗ ಅವಳ ಮುಷ್ಟಿ ಬಿಚ್ಚಿಕೊಳ್ಳಲಿಲ್ಲ. ಗಂಡ ಬೆರಳು ಬೆರಳಾಗಿ ಬಿಡಿಸಬೇಕಾಯಿತು.

ಕೈ ತೊಳೆಯಲು ಗೋಡೆಯ ಪಕ್ಕ ನಲ್ಲಿಯಿತ್ತು. ಸೊಸೆ ಹೋದಾಗ ದೊಡ್ಡಕ್ಕ ಮೊದಲೇ ಅಲ್ಲಿದ್ದಳು. ಉಗುರಿನ ಸಂದಿಯ ಮಣ್ಣನ್ನು ಒಂದೊಂದಾಗಿ ತೆಗೆಯುತ್ತಿದ್ದಳು.

"ಅಕ್ಕಾ," ಎಂದಳು ಸೊಸೆ. ಈಗ ಹೇಳದಿದ್ದರೆ ಎಂದೂ ಹೇಳಲಾಗದು ಎನಿಸಿತು. "ನೀವು ಫೋನಲ್ಲಿ ಅಂದಿದ್ದು ನಿಜ. ನಿಂತೇ ಇದ್ವಿ. ಅವರು ನಿಧಾನ ಆಗಿದ್ದೂ ನನಗೆ ಕಾಣ್ಲಿಲ್ಲ, ಕಾಲು ಊದಿದ್ದೂ ಕಾಣ್ಲಿಲ್ಲ. ನಾನು ಕರ್ಕೊಂಡು ಹೋಗದೇ ಇದ್ದಿದ್ರೆ..."

"ನೀರು ಪೋಲು ಮಾಡ್ಬೇಡ. ಕೈ ತೊಳ್ಕೋ."

ಸೊಸೆ ಕೈ ತೊಳೆದುಕೊಂಡಳು. ದೊಡ್ಡಕ್ಕ ನಲ್ಲಿ ತಿರುಗಿಸಿದಳು. ಹನಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಗಿಯಾಗಿ ತಿರುಗಿಸಿದಳು.

"ಕಾಲು ಊದಿದ್ದು ನಿನಗೆ ಇವತ್ತು ಕಾಣ್ತು. ನನಗೆ ಬೇಸಿಗೇಲೇ ಗೊತ್ತಿತ್ತು."

ಸೊಸೆ ಕಣ್ಣು ಅಗಲಿಸಿದಳು.

"ನಾನೇ ಡಾಕ್ಟರ ಹತ್ರ ಕರ್ಕೊಂಡು ಹೋಗಿದ್ದೆ. ಎದೆ ಪೂರ್ತಿ ಸೋತಿದೆ, ನಡೆದ್ರೂ ಅಷ್ಟೇ ಮಲಗಿದ್ರೂ ಅಷ್ಟೇ, ಯಾವತ್ತು ಬೇಕಾದ್ರೂ ನಿಲ್ಲಬಹುದು ಅಂದ್ರು. ಹೊರಗೆ ಬಂದು ಅಪ್ಪ ನಗ್ತಾರೆ! ಹಳೇ ಲಿಫ್ಟಿನ ಹಗ್ಗ ಕಣೆ, ಇಷ್ಟು ದಿನ ಬಂದಿದ್ದೇ ಹೆಚ್ಚು ಅಂತ. ನಿಮ್ಮಿಬ್ಬರಿಗೂ ಹೇಳಬಾರದು ಅಂತ ನನ್ನ ತಲೆ ಮೇಲೆ ಕೈ ಇಟ್ಟು ಆಣೆ ಹಾಕಿಸ್ಕೊಂಡ್ರು."

"ಅಕ್ಕಾ..."

"ಹೇಳಿ ಮುಗಿಸ್ತೀನಿ, ತಾಳು. ನನ್ನ ಮನೆಗೆ ಬಂದುಬಿಡಿ ಅಂದೆ. ಒಂದು ಮೆಟ್ಟಿಲೂ ಹತ್ತಬೇಕಾಗಿಲ್ಲ, ಲಿಫ್ಟಿದೆ ಅಂದೆ. ಏನಂದ್ರು ಗೊತ್ತಾ?" ದೊಡ್ಡಕ್ಕ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಎಂದೂ ಹಾಗೆ ಮಾಡುವವಳಲ್ಲ. "'ಅಷ್ಟು ವರ್ಷ ಲಿಫ್ಟಲ್ಲಿ ಕೂತಿದ್ನಲ್ಲ ಮಗಳೆ, ಒಳಗೆ ಬಂದ ಜನ ಎಲ್ಲಿ ನೋಡ್ತಾರೆ ಹೇಳು? ಮೇಲೆ ಉರಿಯೋ ನಂಬರ್ ನೋಡ್ತಾರೆ. ಇಲ್ಲಾ ತಮ್ಮ ಬೂಟು ನೋಡ್ಕೋತಾರೆ. ನನ್ನ ಮುಖ ಒಬ್ಬರೂ ನೋಡ್ಲಿಲ್ಲ. ಕಾಯ್ತಿದ್ರು, ಲಿಫ್ಟಿಗೆ ಕಾಯ್ತಿದ್ರು, ನನಗಲ್ಲ. ಈ ಮೈದಾನದಲ್ಲಿ ನೋಡು. ನಾನು ಕೈ ಎತ್ತಿದ್ರೆ ಸಾಕು, ಅಷ್ಟೂ ಜನ ನನ್ನ ಕಡೇನೇ ತಿರುಗ್ತಾರೆ. ನಾನು ಬರೋದನ್ನೇ ನೋಡ್ತಾ ನಿಂತಿರ್ತಾರೆ. ಇಷ್ಟು ಪ್ರೀತಿಯಿಂದ ಯಾರು ಕಾದಿದಾರೆ ನನ್ನ?' ಅಂದ್ರು."

ಗೋಡೆಯ ಮೇಲೆ ಅಳಿಲೊಂದು ಬಾಲವೆತ್ತಿ ಕೂತಿತ್ತು. ದೊಡ್ಡಕ್ಕ ಅದನ್ನೇ ನೋಡುತ್ತ ಹೇಳಿದಳು: "ನನಗೆ ಹೊಟ್ಟೆ ಉರೀತು. ನಾನೂ ಕಾಯ್ತಿದ್ನಲ್ಲ. ಅವರಿಗೆ ಅಂತ ಕೋಣೆ ತೆರವು ಮಾಡಿ, ಹೊಸ ಹಾಸಿಗೆ ಹಾಕಿ. ಅದು ಲೆಕ್ಕಕ್ಕೇ ಇಲ್ವಾ? ಇವಳ ಹತ್ರ ಏನಿದೆ, ಒಂದು ಮಣ್ಣಿನ ಸುತ್ತು ಅಂತ. ನಿನ್ನೆಯಿಂದ ಅದೇ ಉರಿ ನಿನ್ನ ಮೇಲೆ ಕಾರ್ತಾ ಇದೀನಿ."

ಸೊಸೆ ಒಂದು ಹೆಜ್ಜೆ ಹತ್ತಿರ ಬಂದಳು.

"ಒಂದು ಕೇಳ್ತೀನಿ, ನಿಜ ಹೇಳ್ತೀಯಾ?" ಎಂದಳು ದೊಡ್ಡಕ್ಕ. ಈ ಸಲದ ಮಾತಿಗೆ ಇಸ್ತ್ರಿಯಿರಲಿಲ್ಲ. "ನಿನ್ನೆ ಅವರು ಕೈ ಎತ್ತಿದಾಗ... ಎಲ್ಲಾ ಅವರ ಕಡೆ ತಿರುಗಿದ್ರಾ?"

"ಹೂಂ ಅಕ್ಕಾ."

"ಎಲ್ಲರೂ?"

"ಎಲ್ಲರೂ. ಅವರನ್ನೇ ನೋಡ್ತಾ ನಿಂತಿದ್ವಿ."

ದೊಡ್ಡಕ್ಕ ತಲೆಯಾಡಿಸಿದಳು. ಒಮ್ಮೆ, ಮತ್ತೊಮ್ಮೆ. ಮೂರನೆಯ ಸಲ ಆಡಿಸುವಾಗ ಅಳು ಒಡೆಯಿತು. ನಿನ್ನೆಯಿಂದ ತಡೆಹಿಡಿದದ್ದೆಲ್ಲ, ಬಿಗಿದ ನಲ್ಲಿ ಕಿತ್ತುಕೊಂಡಂತೆ ಬಂತು. ಸೊಸೆ ಅವಳನ್ನು ಹಿಡಿದುಕೊಂಡಳು. ಯಾರು ಯಾರಿಗೆ ಒರಗಿದ್ದಾರೆಂದು ದೂರದಿಂದ ನೋಡಿದ ಗಂಡನಿಗೆ ತಿಳಿಯಲಿಲ್ಲ. ವ್ಯಾನಿನವನಿಗೆ ಇನ್ನಷ್ಟು ಹೊತ್ತು ತಾಳು ಎಂದು ಸನ್ನೆ ಮಾಡಿದ.

*

ಮೈದಾನ ಮನೆಗೆ ಮರಳುವ ದಾರಿಯಲ್ಲೇ ಇತ್ತು. "ಇಲ್ಲಿ ನಿಲ್ಸಿ," ಎಂದವಳು ದೊಡ್ಡಕ್ಕ. "ನಾನು ಒಂದು ದಿನವೂ ನೋಡಿಲ್ಲ."

ಸಂಜೆಯ ಬಿಸಿಲು ಸುತ್ತಿನ ಕೆಂಪು ಮಣ್ಣಿನ ಮೇಲೆ ಅಡ್ಡಡ್ಡ ಬಿದ್ದಿತ್ತು. ಹಿಂದೆಯೇ ಬಂದ ಓಟದ ಗುಂಪಿನವರು ಗೇಟಿನ ಒಳಗೆ ಬಂದು, ಮುಂದೆ ಹೋಗಲು ಸಂಕೋಚವಾಗಿ, ಅಲ್ಲೇ ನಿಂತರು. ದೊಡ್ಡಕ್ಕ ಬೆಂಚಿನ ತನಕ ಹೋದಳು, ಅದರ ಒರಗು ಸವರಿದಳು, ಕೂರಲಿಲ್ಲ. ನೇರ ಹಾದಿಯುದ್ದಕ್ಕೂ ನಡೆದು ಬಿಳಿ ಗೆರೆಗೆ ಬಂದಳು. ಏದುಸಿರು ಬಂದಿತ್ತು ಅವಳಿಗೆ.

"ಇಷ್ಟು ದೂರಾನಾ! ಆ ಎದೆ ಇಟ್ಕೊಂಡು!" ಎಂದಳು. ದನಿಯಲ್ಲಿ ಸಿಟ್ಟಿತ್ತೋ ಹೆಮ್ಮೆಯಿತ್ತೋ. ಆಮೇಲೆ ಸೊಸೆಯ ಕಡೆ ತಿರುಗಿ, "ಓಡು ನೋಡೋಣ," ಎಂದಳು.

"ಈಗಲಾ?"

"ಮತ್ಯಾವಾಗ? ಅಂಗಡಿಗೆ ರಜ ಹಾಕಿ ಬಂದಿದೀನಿ. ಅಪ್ಪ ದಿನಾ ಅಷ್ಟು ಹೊತ್ತು ಕೂತು ಏನು ನೋಡ್ತಿದ್ರು ಅಂತ ನಾನೂ ನೋಡ್ಬೇಡ್ವಾ?"

"ಅಕ್ಕಾ, ನನಗೆ ಆಗಲ್ಲ. ಆ ಚುರುಕು ನಂದಲ್ಲ. ಅವರು ತಡವಾಗಿ ಬರ್ತಿದ್ದಕ್ಕೆ..."

"ಕಿಟಕಿ ಹತ್ರ ಎಲ್ಲಾ ಕೇಳಿಸ್ಕೊಂಡಿದೀನಿ. ನಿಂದೋ ಅವರದ್ದೋ, ಓಡಿದ್ರೆ ತಾನೇ ಗೊತ್ತಾಗೋದು?"

ಸೊಸೆ ಗೇಟಿನ ಕಡೆ ನೋಡಿದಳು. ಮೇಷ್ಟ್ರು ಗಡಿಯಾರ ನೋಡುತ್ತಿರಲಿಲ್ಲ. ಅವಳು ಚಪ್ಪಲಿ ಬಿಟ್ಟಳು. ದುಃಖಕ್ಕೆಂದು ತೊಟ್ಟ ಉದ್ದನೆಯ ಉಡುಪಿನ ಅಂಚನ್ನು ಒಂದು ಕೈಯಲ್ಲಿ ಮುದ್ದೆ ಮಾಡಿ ಹಿಡಿದಳು. ಮೊದಲ ಹೆಜ್ಜೆಗಳು ಮುಗ್ಗರಿಸಿದವು. ತಿರುವಿನಲ್ಲಿ ಗಾಳಿ ಎದುರಾಯಿತು. ಆಚೆ ಬದಿಯ ಹಾದಿಯಲ್ಲಿ ಅವಳಿಗೆ ಬೆಳಗ್ಗೆಯಿಂದ ಮೊದಲ ಸಲ ತನ್ನ ಅಂಗಾಲಿನ ಕೆಳಗೆ ನೆಲವಿದೆ ಎನಿಸಿತು. ಬಟ್ಟೆ ಕಾಲಿಗೆ ತೊಡರಿತು, ಬಿಚ್ಚಿದ ಜಡೆ ಬೆನ್ನಿಗೆ ಬಡಿಯಿತು. ಬೇಕರಿಯವನು ತಡೆಯಲಾರದೆ, "ಹಾಂ, ಹಾಗೆ!" ಎಂದು ಕೂಗಿದ. ನರ್ಸಮ್ಮ ಅವನ ಬಾಯಿ ಮುಚ್ಚಿದಳು, ಆಮೇಲೆ ತಾನೇ ಕೂಗಿದಳು.

ಗೆರೆ ದಾಟಿದ ಸೊಸೆ ಎರಡೂ ಕೈ ಮಂಡಿಗಳ ಮೇಲೂರಿ ಬಗ್ಗಿ ನಿಂತಳು. ಉಸಿರು ಹರಿದ ಬಟ್ಟೆಯ ಹಾಗೆ ಸದ್ದು ಮಾಡುತ್ತಿತ್ತು.

"ಏನಾಯ್ತೇ?" ದೊಡ್ಡಕ್ಕ ಗಾಬರಿಯಾಗಿ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಯಾರಾದ್ರೂ ನೀರು ತನ್ನಿ!"

"ಬೇಡ... ಅಕ್ಕಾ... ಹೀಗೇ... ಆಗೋದು."

ಸವರಿದ ಮಾತ್ರಕ್ಕೆ ಬಟ್ಟೆಯ ಗುಣ ಹೇಳಬಲ್ಲ ಕೈ ಅದು. ಒದ್ದೆಯಾದ ಉಡುಪಿನ ಕೆಳಗೆ ಪಕ್ಕೆಲುಬುಗಳು ಕಮ್ಮಾರನ ತಿದಿಯಂತೆ ಏರಿಳಿಯುವುದು ಅದಕ್ಕೆ ತಿಳಿಯಿತು. ಏರಿತು, ಇಳಿಯಿತು. ಸ್ವಲ್ಪ ಕಡಿಮೆ ಏರಿತು. ಗುಡುಗು ದೂರ ಸರಿದ ಹಾಗೆ ಒಂದೊಂದೇ ಉಸಿರು ತಗ್ಗುತ್ತ ಬಂತು. ದೊಡ್ಡಕ್ಕ ಕೈ ಕದಲಿಸಲಿಲ್ಲ. ತನ್ನ ಉಸಿರನ್ನೂ ಹಿಡಿದು ಅದನ್ನೇ ಕೇಳುತ್ತ ನಿಂತಳು.

ಸೊಸೆ ನೆಟ್ಟಗಾದಳು.

"ಆಯ್ತಾ?"

"ಆಯ್ತು."

"ಇಷ್ಟು ಬೇಗಾನಾ? ಅಪ್ಪ ಅರ್ಧ ದಾರೀನೂ ಬಂದಿರ್ತಿರ್ಲಿಲ್ಲ!"

ಅವಳು ಆಗಲೇ ಹೊರಟಿದ್ದಳು. ಇನ್ನೊಂದು ಸುತ್ತಿಗೆ. ದೊಡ್ಡಕ್ಕನ ಅಂಗೈ ಮಾತ್ರ, ಸೊಸೆಯ ಬೆವರಿನಿಂದ ಒದ್ದೆಯಾಗಿ, ಬೆರಳುಗಳು ಇನ್ನೂ ಒಂದು ಬೆನ್ನಿನ ಆಕಾರದಲ್ಲಿ ಬಾಗಿ, ಅವಳು ತಿರುವು ದಾಟುವವರೆಗೂ ಗಾಳಿಯಲ್ಲಿ ಹಾಗೆಯೇ ಇತ್ತು.